ರಕ್ತಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಹೋದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. ಮಗಳು ನರ್ಸಿಂಗ್ ಮುಗಿಸಿ ಹೊರದೇಶದ ಆಸ್ಪತ್ರೆಯೊಂದಕ್ಕೆ ಆಯ್ಕೆಯಾಗಿದ್ದಾಳೆ. ಕೆಲಸಕ್ಕೆ ಸೇರುವ ಮೊದಲು ಕ್ಷಯದ ರಕ್ತಪರೀಕ್ಷೆ ಮಾಡಿಸಿದ್ದಾರೆ. ವರದಿಯಲ್ಲಿ 0.42 ಎಂಬ ಅಂಕಿ, ಪಕ್ಕದಲ್ಲಿ ‘ಪಾಸಿಟಿವ್’.

“ಮೇಷ್ಟ್ರೇ, ಹುಡುಗಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಈ ಪರೀಕ್ಷೆ ತಪ್ಪು ಅಲ್ಲವೇ? ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ” ಎಂದರು.

‘ತಪ್ಪು’ ಎಂದುಬಿಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಆದರೆ ಉತ್ತರ ಅಷ್ಟು ಸುಲಭವಲ್ಲ.

ಈ ಪರೀಕ್ಷೆ ರಕ್ತದಲ್ಲಿ ಕ್ಷಯದ ರೋಗಾಣುವನ್ನು ಹುಡುಕುವುದಿಲ್ಲ. ‘ಈ ಶತ್ರುವನ್ನು ಹಿಂದೆ ಕಂಡಿದ್ದೀರಾ?’ ಎಂದು ನಮ್ಮ ಬಿಳಿ ರಕ್ತಕಣಗಳನ್ನು ಕೇಳುತ್ತದೆ, ಅಷ್ಟೆ. ರೋಗಾಣುವಿನ ಪ್ರೋಟೀನಿನ ತುಣುಕುಗಳಿರುವ ಕೊಳವೆಯಲ್ಲಿ ರಕ್ತವನ್ನು ಹಾಕಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16ರಿಂದ 24 ಗಂಟೆ ಇಡುತ್ತಾರೆ. ಗುರುತು ಹಿಡಿದ ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸುತ್ತವೆ. ಕ್ವಾಂಟಿಫೆರಾನ್ ಎಂಬ ಪರೀಕ್ಷೆಯಲ್ಲಿ ಇದು ಮಿಲಿಲೀಟರಿಗೆ 0.35 ಯೂನಿಟ್ ಮುಟ್ಟಿದರೆ ಸಾಮಾನ್ಯವಾಗಿ ಪಾಸಿಟಿವ್.

ಹಳೆಯದು ಮಾಂಟೂ ಚರ್ಮಪರೀಕ್ಷೆ. ಮುಂಗೈಗೆ ಚುಚ್ಚಿ, 48ರಿಂದ 72 ಗಂಟೆಗಳ ನಂತರ ಗಟ್ಟಿಯಾದ ಊತವನ್ನು ಅಳೆಯುವುದು. ಬಿ.ಸಿ.ಜಿ. ಲಸಿಕೆ ಹಾಕಿಸಿಕೊಂಡವರಲ್ಲೂ ಊತ ಬರಬಹುದು. ರಕ್ತಪರೀಕ್ಷೆಯಲ್ಲಿ ಬಳಸುವ ಪ್ರೋಟೀನುಗಳು ಬಿ.ಸಿ.ಜಿ.ಯಲ್ಲಿ ಇಲ್ಲವಾದ್ದರಿಂದ ಆ ಗೊಂದಲವಿಲ್ಲ. ಇದು ಅದರ ದೊಡ್ಡ ಗುಣ.

ದೋಷವೂ ಇದೆ. ಒಂದೇ ಹಾಲು, ಒಂದೇ ಹೆಪ್ಪು. ಆದರೂ ಮೊಸರು ದಿನಕ್ಕೊಂದು ಹದವಾಗುವುದಿಲ್ಲವೇ? ಇಲ್ಲೂ ಹಾಗೆಯೇ. ಕೊಳವೆಗೆ ಬಿದ್ದ ರಕ್ತದ ಪ್ರಮಾಣ, ಅಲ್ಲಾಡಿಸಿದ ರೀತಿ, ಶಾಖದಲ್ಲಿಡುವ ಮೊದಲಿನ ತಡ, ಎಲ್ಲವೂ ಅಂಕಿಯನ್ನು ಅತ್ತಿತ್ತ ಸರಿಸುತ್ತವೆ. ಗೆರೆಯ ಹತ್ತಿರವಿರುವ ಅಂಕಿ ಇಂದು ಮೇಲೆ, ನಾಳೆ ಕೆಳಗೆ.

ಮಹಾರಾಷ್ಟ್ರದ ಸೇವಾಗ್ರಾಮದ ವೈದ್ಯಕೀಯ ಸಂಸ್ಥೆಯಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳನ್ನು 18 ತಿಂಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಸಲ ಪಾಸಿಟಿವ್ ಆಗಿದ್ದ 38 ಜನರಲ್ಲಿ 9 ಜನ ಎರಡನೆಯ ಸಲ ನೆಗೆಟಿವ್! ಅಮೆರಿಕದಲ್ಲಿ ಎರಡೂವರೆ ಸಾವಿರ ಆಸ್ಪತ್ರೆ ಸಿಬ್ಬಂದಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಗೆಟಿವ್‌ನಿಂದ ಹೊಸದಾಗಿ ಪಾಸಿಟಿವ್ ಆದವರ ಪೈಕಿ ಸುಮಾರು ಮುಕ್ಕಾಲು ಪಾಲು ಆರು ತಿಂಗಳಲ್ಲಿ ಪುನಃ ನೆಗೆಟಿವ್ ಆದರು. 2019ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು, ಕ್ಷಯದ ಸಂಪರ್ಕಕ್ಕೆ ಬಾರದ ಸಿಬ್ಬಂದಿಗೆ ವರ್ಷಾವರ್ಷ ಪರೀಕ್ಷೆ ಬೇಡವೆಂದಿತು. ಕೆಲಸಕ್ಕೆ ಸೇರುವಾಗಿನ ಪರೀಕ್ಷೆ ಮಾತ್ರ ಉಳಿಯಿತು.

ಹಾಗಾದರೆ ಆ ತಂದೆಯ ಮಾತೇ ಸರಿಯೇ? ವಿದ್ಯಾರ್ಥಿಗಳೇ, ಪೆನ್ಸಿಲ್ ಹಿಡಿಯಿರಿ. ಸೋಂಕಿರುವ 100 ಜನರಲ್ಲಿ 80 ಜನರನ್ನು ಈ ಪರೀಕ್ಷೆ ಹಿಡಿಯುತ್ತದೆ, ಸೋಂಕಿಲ್ಲದ 100 ಜನರಲ್ಲಿ 3 ಜನರಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಕ್ಷಯ ವಿರಳವಾದ ಊರಿನ 1000 ಜನರಲ್ಲಿ 20 ಜನರಿಗೆ ಸೋಂಕಿದ್ದರೆ, ನಿಜವಾದ ಪಾಸಿಟಿವ್ 16, ಸುಳ್ಳು ಪಾಸಿಟಿವ್ ಸುಮಾರು 29. ಸುಳ್ಳೇ ಹೆಚ್ಚು! ಇನ್ನು 1000 ಜನರಲ್ಲಿ 400 ಜನರಿಗೆ ಸೋಂಕಿದ್ದರೆ? ನಿಜ 320, ಸುಳ್ಳು ಬರೀ 18. ಈ 400 ನಾನು ಸುಮ್ಮನೆ ಹಿಡಿದ ಸಂಖ್ಯೆಯಲ್ಲ. ಸೇವಾಗ್ರಾಮದಲ್ಲೇ 726 ಆಸ್ಪತ್ರೆ ಸಿಬ್ಬಂದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡ 40ರಷ್ಟು ಜನ ಪಾಸಿಟಿವ್ ಇದ್ದರು.

ಪರೀಕ್ಷೆ ಒಂದೇ, ಯಾರನ್ನು ಪರೀಕ್ಷಿಸುತ್ತೇವೆ ಎಂಬುದರ ಮೇಲೆ ಅದರ ಅರ್ಥ ಬೇರೆಯಾಗುತ್ತದೆ. ಅವರಿಗೂ ಇದನ್ನೇ ಹೇಳಿದೆ: “ನಿಮ್ಮ ಮಗಳು ಬೆಳೆದದ್ದು ನಮ್ಮ ದೇಶದಲ್ಲಿ, ಕಲಿತದ್ದು ವಾರ್ಡುಗಳಲ್ಲಿ. ಅಂಕಿ ಗೆರೆಯ ಹತ್ತಿರವಿರುವುದರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಆದರೆ ವರದಿ ನಿಜವಿರಬಹುದು, ಅಡಗಿಸಿಡಬೇಡಿ.”

ಅವರ ಮುಖ ಬಾಡಿತು. ಮುಖ್ಯವಾದ ಮಾತು ಇನ್ನೂ ಬಾಕಿಯಿತ್ತು. ಸೋಂಕು ಬೇರೆ, ರೋಗ ಬೇರೆ. ಸೋಂಕು ತಗುಲಿದ 100 ಜನರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು 5ರಿಂದ 10 ಜನ. ರೋಗಾಣು ಒಳಗೇ ಮಲಗಿರುವಾಗ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಅದು ಏಳದಂತೆ ತಡೆಯಲು ಕೆಲವು ತಿಂಗಳ ಔಷಧೋಪಚಾರವೂ ಇದೆ. ರೋಗವಿದೆಯೇ ಎಂದು ಈ ರಕ್ತಪರೀಕ್ಷೆ ಹೇಳಲಾರದು. ಅದಕ್ಕೆ ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ ಬೇಕು.

ಅವರು ಮರುದಿನವೇ ಮಗಳೊಡನೆ ವೈದ್ಯರಲ್ಲಿಗೆ ಹೋದರು. ಎಕ್ಸ್‌ರೇಯಲ್ಲಿ ತೊಂದರೆ ಕಾಣಲಿಲ್ಲ. ಎರಡನೆಯ ರಕ್ತಪರೀಕ್ಷೆಯ ವರದಿ ಇನ್ನೂ ಬರಬೇಕು. ಏನೇ ಬರಲಿ, ತಾಯಿಗೂ ವಿಷಯ ತಿಳಿಸಿದ್ದಾರಂತೆ.

ಮಕ್ಕಳನ್ನು ಆಸ್ಪತ್ರೆಯ ಕೆಲಸಕ್ಕೆ ಕಳಿಸುವ ತಂದೆತಾಯಂದಿರು ಇಷ್ಟನ್ನು ನೆನಪಿಡಿ. ವರದಿಯಲ್ಲಿ ‘ಪಾಸಿಟಿವ್’ ಎಂಬ ಪದವನ್ನಷ್ಟೇ ಅಲ್ಲ, ಅಂಕಿಯನ್ನೂ ನೋಡಿ. ನೆಗೆಟಿವ್ ಬಂದರೂ, ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಮಾಡಿಸಿ.