ಟ್ರಮಡಾಲ್ ಕೊಡಿ, ಹೇಳಿ ಕೊಡಿ

ಮಂಡಿನೋವು, ಸೊಂಟನೋವು, ಆಪರೇಷನ್ ಆದಮೇಲಿನ ನೋವು ಎಂದು ಬಂದವರ ಚೀಟಿಯಲ್ಲಿ ಟ್ರಮಡಾಲ್ ಈಗ ಮಾಮೂಲು. ಬಹಳ ಸಲ ಅದು ಪ್ಯಾರಾಸಿಟಮಾಲ್ ಜೊತೆ ಬೆರೆತ ಒಂದೇ ಮಾತ್ರೆಯಾಗಿ ಕೈಗೆ ಬರುತ್ತದೆ. ತಾವು ನುಂಗುತ್ತಿರುವುದು ಮಾರ್ಫಿನ್ ಕುಲದ ಒಪಿಯಾಯ್ಡ್ ಎಂದು ಎಷ್ಟು ರೋಗಿಗಳಿಗೆ ಯಾರಾದರೂ ಹೇಳಿದ್ದಾರೆ?

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿತು. ಅಂದಿನಿಂದ ವಾದವೆಲ್ಲ ಬಿಗಿ ಮಾಡಬೇಕೋ, ಸಡಿಲಿಸಬೇಕೋ ಎಂಬುದರ ಸುತ್ತಲೇ. ವೈದ್ಯರು ಬರೆದಂತೆಯೇ ನಿಯತ್ತಾಗಿ ಮಾತ್ರೆ ತೆಗೆದುಕೊಂಡು ಒದ್ದಾಡುವವರು ಈ ವಾದದಲ್ಲಿ ಎಲ್ಲೂ ಇಲ್ಲ.

ಮಲಬದ್ಧತೆಯನ್ನೇ ನೋಡಿ. ವಾಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ತಗ್ಗಬಹುದು. ಇದು ತಗ್ಗುವುದಿಲ್ಲ. ಒಪಿಯಾಯ್ಡ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ದೇಹ ಅದಕ್ಕೆ ಒಗ್ಗಿಕೊಳ್ಳುವುದು ತೀರಾ ಕಡಿಮೆ. ಮನೆಯವರು ಇಸಬ್‌ಗೋಲ್ ಕಲಸಿ ಕೊಡುತ್ತಾರೆ. ನೀರು ಕಡಿಮೆ ಕುಡಿಯುವ ವೃದ್ಧರಲ್ಲಿ ಅದು ಕರುಳಿನಲ್ಲೇ ಗಟ್ಟಿಯಾಗಿ ಕಷ್ಟ ಹೆಚ್ಚಿಸಬಹುದು. ಮುಜುಗರಕ್ಕೆ ಯಾರೂ ಬಾಯಿಬಿಡುವುದಿಲ್ಲ.

ಇದಕ್ಕಿಂತ ಗಂಭೀರವಾದವೂ ಇವೆ. ಟ್ರಮಡಾಲ್ ಫಿಟ್ಸ್ ತರಬಲ್ಲದು. ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೆರೊಟೋನಿನ್ ವಿಪರೀತ ಏರಿ ನಡುಕ, ಜ್ವರ, ಗೊಂದಲ ಕಾಣಿಸಿಕೊಳ್ಳಬಹುದು. ಯಕೃತ್ತು ಟ್ರಮಡಾಲನ್ನು ಇನ್ನಷ್ಟು ಬಲವಾದ ವಸ್ತುವಾಗಿ ಮಾರ್ಪಡಿಸುತ್ತದೆ; ಆ ವೇಗ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ಬಗೆ. ಹೀಗಾಗಿ ಮಕ್ಕಳಲ್ಲಿ ಉಸಿರಾಟವೇ ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2017ರಲ್ಲಿ 12 ವರ್ಷದೊಳಗಿನವರಿಗೆ ಇದನ್ನು ಕೊಡಲೇಬಾರದು ಎಂದಿತು.

ಅಡ್ಡಪರಿಣಾಮ ಹೇಳಿದರೆ ರೋಗಿ ಹೆದರಿ ಮಾತ್ರೆ ಬಿಡುತ್ತಾನೆ ಎನ್ನುವ ವೈದ್ಯರಿದ್ದಾರೆ. ಹೇಳದಿದ್ದರೂ ಬಿಡುತ್ತಾನೆ, ಅದೂ ಯಾರನ್ನೂ ಕೇಳದೆ ಒಮ್ಮೆಲೇ. ತಿಂಗಳುಗಟ್ಟಲೆ ತೆಗೆದುಕೊಂಡವರು ಹಾಗೆ ಥಟ್ಟನೆ ನಿಲ್ಲಿಸಿದರೆ ಬೆವರು, ತಳಮಳ, ನಿದ್ದೆಗೇಡು ಶುರುವಾಗುತ್ತದೆ.

ಹಾಗೆಂದು ನಿಷೇಧ ಕೇಳುವುದು ಕ್ರೌರ್ಯ. 1985ರ ಎನ್‌ಡಿಪಿಎಸ್ ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಕ್ಯಾನ್ಸರ್ ರೋಗಿಗಳು ನರಳುತ್ತಲೇ ಸತ್ತರು. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲು ಕಾಯ್ದೆಗೆ ತಿದ್ದುಪಡಿಯಾದದ್ದು 2014ರಲ್ಲಿ.

ಉಪಶಮನ ಆರೈಕೆಯಲ್ಲಿ ಮಾರ್ಫಿನ್ ಶುರುಮಾಡುವಾಗಲೇ ಮಲ ಸಡಿಲಿಸುವ ಔಷಧಿಯನ್ನೂ ಬರೆಯುವುದು ರೂಢಿ. ಟ್ರಮಡಾಲ್ ಚೀಟಿಗೆ ಆ ಶಿಸ್ತು ಯಾಕಿಲ್ಲ? ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ವೈದ್ಯರು ಕೇಳಲೇಬೇಕು. ಎಷ್ಟು ದಿನ, ನಿಲ್ಲಿಸುವುದು ಹೇಗೆ ಎಂಬುದು ಚೀಟಿಯಲ್ಲಿ ಕನ್ನಡದಲ್ಲಿ ಇರಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ. ರಾಜ್ಯದ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಿಂದಲೇ ಆರಂಭಿಸಬಹುದು.