ಕಲ್ಲಾದ ಕೊಕ್ಕು ಯಾರದು?

ತಮಿಳುನಾಡಿನ ಅರಿಯಲೂರಿನ ಸುತ್ತ ಸುಣ್ಣಕಲ್ಲಿನ ಗಣಿಗಳು ಬಹಳ. ಅಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೆ ಅದೇ ಕಚ್ಚಾಮಾಲು. ಗಣಿಗಳಲ್ಲೂ ಮಳೆನೀರು ಕೊರೆದ ಕೊರಕಲುಗಳಲ್ಲೂ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಕಲ್ಲುಗಳು ಸಿಗುತ್ತವೆ. ಇವು ಕಡಲಜೀವಿಗಳ ಚಿಪ್ಪಿನ ಪಳೆಯುಳಿಕೆಗಳು. 14.5 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿದ ಕ್ರಿಟೇಶಿಯಸ್ ಯುಗದ ಉತ್ತರಾರ್ಧದಲ್ಲಿ ಈ ಸೀಮೆಯ ಮೇಲೆ ಸಮುದ್ರ ಹರಡಿತ್ತು.

ಸುರುಳಿ ಚಿಪ್ಪಿನ ಈ ಜೀವಿಗಳದು ಎರಡು ಮನೆತನ. ಒಂದು ಅಮ್ಮೋನೈಟ್. ದೇವರ ಮನೆಯ ಸಾಲಿಗ್ರಾಮದಲ್ಲಿ ಚಕ್ರವಾಗಿ ಕಾಣುವುದು ಇದರದೇ ಅಚ್ಚು. ಅದು ಬರುವುದು ನೇಪಾಳದ ಗಂಡಕಿ ನದಿಯಿಂದ. ಇನ್ನೊಂದು ನಾಟಿಲಾಯ್ಡ್. ಕ್ರಿಟೇಶಿಯಸ್ ಮುಗಿಯುವ ಹೊತ್ತಿಗೆ ಅಮ್ಮೋನೈಟ್ ವಂಶ ನಿರ್ನಾಮವಾಯಿತು. ನಾಟಿಲಾಯ್ಡ್ ವಂಶದ ನಾಟಿಲಸ್ ಮಾತ್ರ ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಇಂದಿಗೂ ಬದುಕಿದೆ. ಆದ್ದರಿಂದ ಕಲ್ಲಿನ ಮೇಲೆ ತಪ್ಪು ಚೀಟಿ ಅಂಟಿಸಿದರೆ ಯಾರು ಅಳಿದರು, ಯಾರು ಉಳಿದರು ಎಂಬ ಲೆಕ್ಕವೇ ಬುಡಮೇಲಾಗುತ್ತದೆ.

ಹೊರನೋಟ ನಂಬಿದರೆ ಮೋಸ. ನಾಟಿಲಾಯ್ಡ್‌ಗಳು ಸಾಮಾನ್ಯವಾಗಿ ನುಣುಪು, ದುಂಡು. ಆದರೆ ಕ್ರಿಟೇಶಿಯಸ್ ಕಾಲದ ಸೈಮಟೊಸೆರಾಸ್ ಎಂಬ ನಾಟಿಲಾಯ್ಡ್‌ಗೆ ಅಮ್ಮೋನೈಟಿನಂತೆಯೇ ಮೈತುಂಬ ಗೀರು. ನೋಡಬೇಕಾದದ್ದು ಒಳಮನೆಯನ್ನು. ಪ್ರಾಣಿ ಬೆಳೆದಂತೆಲ್ಲ ಮುಂದಕ್ಕೆ ಸರಿದು ಬೆನ್ನ ಹಿಂದೆ ಒಂದೊಂದೇ ಗೋಡೆ ಕಟ್ಟುತ್ತದೆ. ಕೊನೆಯ ಕೋಣೆಯಲ್ಲಿ ಮಾತ್ರ ಅದರ ವಾಸ. ಮೇಲಿನ ಪದರ ಉದುರಿದ ಪಳೆಯುಳಿಕೆಯಲ್ಲಿ ಗೋಡೆ ಚಿಪ್ಪಿಗೆ ಕೂಡಿದ ಗೆರೆ ಕಾಣುತ್ತದೆ. ನಾಟಿಲಾಯ್ಡಿನಲ್ಲಿ ಅದು ಸರಳವಾದ ಬಾಗು. ಅಮ್ಮೋನೈಟಿನಲ್ಲಿ ಜರಿಗಿಡದ ಎಲೆಯಂಚಿನ ಹಾಗೆ ಸೀಳು ಸೀಳು. ಗೆರೆ ಸವೆದಿದ್ದರೆ, ಕೋಣೆಗಳನ್ನು ಹಾದುಹೋಗುವ ನಳಿಕೆಯ ತೂತು ಹುಡುಕಬೇಕು. ನಾಟಿಲಾಯ್ಡಿನಲ್ಲಿ ಅದು ಸಾಮಾನ್ಯವಾಗಿ ಗೋಡೆಯ ನಡುಭಾಗದಲ್ಲಿರುತ್ತದೆ. ಅಮ್ಮೋನೈಟಿನಲ್ಲಿ ಹೊರ ಅಂಚಿಗೆ ಅಂಟಿಕೊಂಡಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲ್ಯಾನ್‌ಫರ್ಡ್ 1861ರಲ್ಲಿ ದಕ್ಷಿಣ ಭಾರತದ ಈ ನಾಟಿಲಸ್‌ಗಳನ್ನು ವಿಂಗಡಿಸಿ ವಿವರಿಸಿದ. ಅಮ್ಮೋನೈಟ್‌ಗಳ ಸರದಿ ಬಂದಾಗ ಆ ಕೆಲಸ ಫರ್ಡಿನಾಂಡ್ ಸ್ಟೊಲಿಚ್ಕಾನ ಪಾಲಿಗೆ ಬಂತು.

ಚಿಪ್ಪಿನ ಕಥೆ ಇಷ್ಟು ಸಲೀಸು. ದವಡೆಯದು ಹಾಗಲ್ಲ.

ಯೂರೋಪಿನ ಬಂಡೆಗಳಲ್ಲಿ ಬಾಣದ ಮೊನೆಯಂಥ ಪುಟ್ಟ ಕಲ್ಲುಗಳು ಸಿಗುತ್ತಿದ್ದವು. ಇವು ಯಾವ ಪ್ರಾಣಿಯವು? 1820ರಲ್ಲಿ ಜರ್ಮನಿಯ ಶ್ಲೋಥೀಮ್ ಅಂಥದೊಂದಕ್ಕೆ 'ಹಕ್ಕಿಯ ಕೊಕ್ಕು' ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟ. 1829ರಲ್ಲಿ ಜಾರ್ಜ್ ಬೆನೆಟ್ ಪೆಸಿಫಿಕ್ಕಿನ ಎರೊಮಾಂಗಾ ದ್ವೀಪದ ಬಳಿ ಜೀವಂತ ನಾಟಿಲಸ್ ಒಂದನ್ನು ಹಿಡಿದ. ಲಂಡನ್ನಿನಲ್ಲಿ ರಿಚರ್ಡ್ ಓವೆನ್ ಅದನ್ನು ಕೊಯ್ದು ನೋಡಿ 1832ರಲ್ಲಿ ವಿವರ ಪ್ರಕಟಿಸಿದ. ಗಿಳಿಯ ಕೊಕ್ಕಿನಂಥ ಅದರ ಎರಡೂ ದವಡೆಗಳ ತುದಿ ಸುಣ್ಣದಿಂದ ಗಟ್ಟಿಯಾಗಿತ್ತು. ಕಲ್ಲಿನ ಕೊಕ್ಕುಗಳ ಒಡೆಯ ಯಾರೆಂಬ ಊಹೆಗೆ ಗಟ್ಟಿ ಆಧಾರ ಸಿಕ್ಕಿತು. ಮೇಲಿನ ದವಡೆಯ ತುದಿಗೆ ರಿಂಕೊಲೈಟ್ ಎಂದು ಹೆಸರು.

ಹಾಗಾದರೆ ಕೊಕ್ಕು ಚಿಪ್ಪಿನೊಳಗೇ ಏಕೆ ಸಿಗುವುದಿಲ್ಲ? ನಾಟಿಲಸ್ ಸತ್ತ ಮೇಲೆ ಕೋಣೆಗಳಲ್ಲಿ ಗಾಳಿ ತುಂಬಿದ ಚಿಪ್ಪು ದೋಣಿಯಂತೆ ತೇಲಿ ಬಹುದೂರ ಹೋಗಬಲ್ಲದು. ಮಾಂಸ ಕೊಳೆತಾಗ ದವಡೆ ಕಳಚಿ ಕಡಲ ತಳಕ್ಕೆ ಬೀಳುತ್ತದೆ. ಹೀಗಾಗಿ ಒಂದೇ ಪ್ರಾಣಿಯ ಚಿಪ್ಪಿಗೊಂದು ಹೆಸರು, ಕೊಕ್ಕಿಗೊಂದು ಹೆಸರು. ಎರಡನ್ನೂ ಕೂಡಿಸುವುದು ಬಹುಪಾಲು ಆಗದ ಮಾತು.

ಅಮ್ಮೋನೈಟಿನ ಕೆಳದವಡೆ ಅನೇಕ ಜಾತಿಗಳಲ್ಲಿ ಜೋಡಿ ಫಲಕ. ಅದನ್ನು ಕಪ್ಪೆಚಿಪ್ಪೆಂದೂ ಚಿಪ್ಪಿನ ಬಾಗಿಲೆಂದೂ ವಿದ್ವಾಂಸರು ಬಹುಕಾಲ ತಪ್ಪಾಗಿ ತಿಳಿದಿದ್ದರು. ಹಾಗಾದರೆ ಫಲಕ ಅಮ್ಮೋನೈಟಿನದು, ಗಟ್ಟಿ ಕೊಕ್ಕು ನಾಟಿಲಾಯ್ಡಿನದು ಎಂದು ಕಣ್ಣುಮುಚ್ಚಿ ಹೇಳಬಹುದಲ್ಲ? ಇಲ್ಲ. ಜಪಾನಿನ ಹೊಕ್ಕೈಡೊದಲ್ಲಿ ಸಿಕ್ಕ ಗಾಡ್ರಿಸೆರಾಸ್ ಮೊದಲಾದ ಕ್ರಿಟೇಶಿಯಸ್ ಅಮ್ಮೋನೈಟ್‌ಗಳಿಗೂ ಸುಣ್ಣದ ತುದಿಯ ದವಡೆ ಇತ್ತೆಂದು 1980ರಲ್ಲಿ ತನಾಬೆ ಮತ್ತು ಸಂಗಡಿಗರು ತೋರಿಸಿದರು. ಗಾಡ್ರಿಸೆರಾಸ್ ತಮಿಳುನಾಡಿನ ಬಂಡೆಗಳಲ್ಲೂ ಉಂಟು. ಅದರ ಒಂದು ಪ್ರಭೇದಕ್ಕೆ ವರಗೂರು ಎಂಬ ಊರಿನ ಹೆಸರೇ ಇದೆ. ಒಂಟಿ ಕೊಕ್ಕು ಕೈಗೆ ಸಿಕ್ಕವರು ಅವಸರಪಡದೆ, ಅದೇ ಪದರದಲ್ಲಿ ಯಾವ ಯಾವ ಚಿಪ್ಪುಗಳಿವೆ ಎಂದು ಮೊದಲು ನೋಡಬೇಕು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ದವಡೆ ಆಹಾರದ ಸುಳಿವು ಕೊಡುತ್ತದೆ. 2011ರಲ್ಲಿ ಬ್ಯಾಕ್ಯುಲೈಟಿಸ್ ಎಂಬ ಅಮ್ಮೋನೈಟಿನ ಬಾಯನ್ನು ಪ್ರಬಲ ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ಒಳಗೆ ಸಣ್ಣ ಕಠಿಣಚರ್ಮಿ, ಬಸವನಹುಳುಗಳ ಚೂರುಗಳಿದ್ದವು. ಅದು ಬದುಕಿದ್ದುದು ನೀರಿನಲ್ಲಿ ತೇಲುವ ಪ್ಲವಕಗಳನ್ನು ತಿಂದು. ಕ್ಷುದ್ರಗ್ರಹ ಬಡಿದು ಪ್ಲವಕಗಳು ಸೊರಗಿದಾಗ ಇಂಥವಕ್ಕೆ ಅನ್ನವಿಲ್ಲದಾಗಿರಬೇಕು. ಮರಿಗಳ ಪಾಡೂ ಹಾಗೆಯೇ: ಅಮ್ಮೋನೈಟಿನ ಮರಿ ಸುಮಾರು ಒಂದು ಮಿಲಿಮೀಟರ್, ನಾಟಿಲಸ್ ಮರಿ ಮೊಟ್ಟೆಯಿಂದ ಹೊರಬರುವಾಗಲೇ ಒಂದು ಅಂಗುಲದಷ್ಟು. ದೊಡ್ಡ ನಾಟಿಲಸ್ ಆಳದಲ್ಲಿ ಬಿದ್ದ ಹೆಣವನ್ನೂ ಏಡಿ ಸೀಗಡಿಗಳು ಕಳಚಿದ ಪೊರೆಯನ್ನೂ ಕಡಿದು ತಿನ್ನುತ್ತದೆ.

ಅರಿಯಲೂರು ಸೀಮೆಯಲ್ಲೇ ಕ್ರಿಟೇಶಿಯಸ್ ಪದರಗಳ ಮೇಲೆ ನಿನಿಯೂರು ಎಂಬ ಪದರವಿದೆ. ಅದರಲ್ಲಿ ಅಮ್ಮೋನೈಟ್ ಇಲ್ಲ. ಹರ್ಕೊಗ್ಲಾಸಾ ಡ್ಯಾನಿಕಾ ಎಂಬ ನಾಟಿಲಾಯ್ಡಿನ ಚಿಪ್ಪುಗಳು ಮಾತ್ರ ಇವೆ.