ಕೆಟ್ಟುನಿಂತ ಆಟದ ಯಂತ್ರವೂ ಹೆಣ್ಣುಮಕ್ಕಳ ಶಿಕ್ಷಣವೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಪರೀಕ್ಷೆಯ ಫಲಿತಾಂಶವನ್ನೋ, ಕಟ್ಟಡದ ನಿಧಿಯನ್ನೋ, ಮಕ್ಕಳ ಶಿಸ್ತನ್ನೋ ಕುರಿತದ್ದಾಗಿರಬೇಕೆಂಬುದು ವಾಡಿಕೆ. ಈ ಸಲ ನಾವು ಆ ವಾಡಿಕೆಯನ್ನು ಮೀರಿ, ಆಟದ ಯಂತ್ರವೊಂದು ಕೆಟ್ಟುನಿಂತ ಸಂಗತಿಯನ್ನು ಬರೆಯಹೊರಟಿದ್ದೇವೆ. ಪೋಷಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಕಡೆಯವರೆಗೆ ಓದಿದ ಮೇಲೆ, ನಾವು ಶಿಸ್ತಿನ ವಿಷಯವನ್ನೇ ಬರೆದಿದ್ದೇವೆಂದು ಅವರಿಗೂ ತೋರೀತೆಂದು ನಂಬಿದ್ದೇವೆ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದ ಕೊಠಡಿಗೆಂದು ರಾಸ್ಪ್‌ಬೆರಿ ಪೈ ೪ ಎಂಬ ಪುಟ್ಟ ಕಂಪ್ಯೂಟರನ್ನು ತಂದುಕೊಟ್ಟಳು. ೮೫ ಮಿಲಿಮೀಟರು ಉದ್ದ, ೫೬ ಮಿಲಿಮೀಟರು ಅಗಲದ ಒಂದೇ ಒಂದು ಫಲಕ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಇದರ ಮೊದಲನೆಯ ಮಾದರಿಯು ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ರೂಪುಗೊಂಡು ೨೦೧೨ನೇ ಇಸವಿ ಫೆಬ್ರವರಿ ೨೯ರಂದು ಮಾರಾಟಕ್ಕೆ ಬಂದಿತು. ಕಂಪ್ಯೂಟರ್ ವಿಜ್ಞಾನವನ್ನು ಕಲಿಯಲು ಬರುವ ಎಳೆಯರಲ್ಲಿ ಯಂತ್ರವನ್ನು ತಾವೇ ಕೈಯಾರೆ ಬಳಸಿ, ಕೆದಕಿ, ತಿಳಿದ ಅನುಭವವು ವರ್ಷದಿಂದ ವರ್ಷಕ್ಕೆ ಕುಂದುತ್ತಿರುವುದನ್ನು ಕಂಡು ಎಬೆನ್ ಅಪ್ಟನ್ ಎಂಬವರೂ ಅವರ ಜತೆಗಾರರೂ ಇದನ್ನು ಮಾಡಹೊರಟರು. ಕೆಟ್ಟರೆ ಮನೆಯವರು ಹೌಹಾರದಷ್ಟು ಅಗ್ಗದ ಯಂತ್ರವು ಮಕ್ಕಳ ಕೈಗೆ ಸಿಗಬೇಕೆಂಬುದೇ ಅವರ ಉದ್ದೇಶವಾಗಿತ್ತು. ಈ ಉದ್ದೇಶವನ್ನು ನಾವು ಆಗಲೇ ಗಮನಿಸಿದ್ದರೆ ಮುಂದೆ ಹೇಳುವ ತಪ್ಪನ್ನು ಮಾಡುತ್ತಿರಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗಿಯರು ವಾರ್ಷಿಕ ವಸ್ತುಪ್ರದರ್ಶನಕ್ಕಾಗಿ ‘ನಮ್ಮ ತಾಯಂದಿರ ಕಾಲದ ಆಟಗಳು’ ಎಂಬ ವಿಷಯವನ್ನು ಆರಿಸಿಕೊಂಡರು. ಹಳೆಯ ಆಟದ ಯಂತ್ರಗಳು ಈಗ ಸಿಗುವುದು ದುರ್ಲಭ. ಆದರೆ ಎಮ್ಯುಲೇಟರ್ ಎಂಬ ತಂತ್ರಾಂಶವುಂಟು. ಅದು ಹೊಸ ಕಂಪ್ಯೂಟರಿನೊಳಗೆ ಹಳೆಯ ಯಂತ್ರದ ವೇಷವನ್ನು ತೊಟ್ಟು, ಹಳೆಯ ಆಟಕ್ಕೆ ತಾನು ತನ್ನ ಮೊದಲಿನ ಮನೆಯಲ್ಲೇ ಇದ್ದೇನೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮೇಮ್ ಎಂಬ ಅಂಥ ತಂತ್ರಾಂಶವು ೧೯೯೭ರಿಂದಲೂ ನಡೆದುಬಂದಿದೆ. ರೆಟ್ರೋಪೈ ಎಂಬ ಮತ್ತೊಂದು ಕೂಟವು ಇಂಥ ಅನೇಕ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಈ ಪುಟ್ಟ ಕಂಪ್ಯೂಟರಿಗೆ ಹೊಂದಿಸಿಕೊಟ್ಟಿದೆ. ಹುಡುಗಿಯರು ಇದನ್ನೆಲ್ಲ ಸಿದ್ಧಪಡಿಸಿ, ಬಣ್ಣದ ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆಯೊಳಗೆ ಫಲಕವನ್ನಿಟ್ಟು, ಟಿ.ವಿ.ಗೆ ಜೋಡಿಸಿದರು.

ಪ್ರದರ್ಶನದ ದಿನ ಏನಾಯಿತೆಂಬುದನ್ನು ಬಂದವರೆಲ್ಲ ನೋಡಿದ್ದೀರಿ. ಆಟವು ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಬಳಿಕ ಕುಂಟತೊಡಗಿತು, ಸಂಗೀತವು ತುಂಡುತುಂಡಾಯಿತು, ತೆರೆಯು ಕಪ್ಪಾಯಿತು, ಆಮೇಲೆ ಯಂತ್ರವು ಏಳಲೇ ಇಲ್ಲ. ನೆರೆದವರಲ್ಲಿ ಒಬ್ಬ ಮಹನೀಯರು, “ಇದನ್ನು ಯಾರಾದರೂ ಹುಡುಗರ ಕೈಗೆ ಕೊಡಿ, ನೋಡಿಕೊಡುತ್ತಾರೆ” ಎಂದರು. ಮರುದಿನ ಅಂಗಡಿಯೊಂದಕ್ಕೆ ಕಳುಹಿಸಿದಾಗ ಫಲಕವು ಸುಟ್ಟುಹೋಗಿದೆ, ಹೊಸದನ್ನೇ ಕೊಳ್ಳಬೇಕೆಂದು ಹೇಳಿ ಹಿಂದಕ್ಕೆ ಕಳುಹಿಸಿದರು. ಶಾಲೆಯಲ್ಲಿ ಆಟದ ಯಂತ್ರವೇಕೆಂದು ತಾಯಿಯೊಬ್ಬರಿಂದ ಕಾಗದವೂ ಬಂದಿತು. ನಾವು ಯೋಚಿಸಲಿಲ್ಲ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು.

ಮೂರನೆಯ ದಿನ ನಾಲ್ವರು ಹುಡುಗಿಯರು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, “ಟೀಚರ್, ಒಂದು ವಾರ ಅವಕಾಶ ಕೊಡಿ. ಎಲ್ಲಿ ಕೆಟ್ಟಿದೆಯೆಂದಾದರೂ ತಿಳಿದುಕೊಳ್ಳುತ್ತೇವೆ” ಎಂದು ಕೇಳಿದರು. ನಾವು ಎರಡು ಷರತ್ತುಗಳನ್ನು ಹಾಕಿ ಒಪ್ಪಿದೆವು. ಮಾಡಿದ್ದನ್ನೂ ಕಂಡದ್ದನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡತಕ್ಕದ್ದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಈ ಎರಡನೆಯ ಷರತ್ತನ್ನು ನಾವು ಕಲಿತದ್ದು ಕಂಪ್ಯೂಟರಿನಿಂದಲ್ಲ, ತರಬೇತಿ ಕಾಲೇಜಿನ ಪ್ರಯೋಗಶಾಲೆಯಲ್ಲಿ.

ಅವರು ಮೊದಲು ಯಂತ್ರದ ದೀಪಗಳನ್ನು ನೋಡಿದರು. ವಿದ್ಯುತ್ತು ಬಂದಿದೆಯೆಂದು ತೋರಿಸುವ ಕೆಂಪು ದೀಪವು ಉರಿಯುತ್ತಿತ್ತು. ಮೆಮೊರಿ ಕಾರ್ಡನ್ನು ಓದುವಾಗ ಮಿನುಗುವ ಹಸಿರು ದೀಪವು ಎಂದಿನಂತೆ ಮಿನುಗಲಿಲ್ಲ. ಈ ಫಲಕದಲ್ಲಿ ತಂತ್ರಾಂಶದ ಬಹುಭಾಗವು ಉಗುರಿನಷ್ಟಿರುವ ಕಾರ್ಡಿನಲ್ಲಿರುತ್ತದಷ್ಟೆ. ಹಾಗಾದರೆ ದೋಷವು ಫಲಕದ್ದೋ ಕಾರ್ಡಿನದೋ? ಬೇರೊಂದು ಕಾರ್ಡಿನ ಮೇಲೆ ತಂತ್ರಾಂಶವನ್ನು ಹೊಸದಾಗಿ ಬರೆದು ಹಾಕಿದರು. ಯಂತ್ರವು ಎದ್ದಿತು! ಸುಟ್ಟುಹೋದದ್ದೆಂದು ಅಂಗಡಿಯಿಂದ ಹಿಂದಿರುಗಿದ ಫಲಕವು ಸುಟ್ಟಿರಲೇ ಇಲ್ಲ. ಹೊಸ ಫಲಕದ ಹಣವು ಉಳಿದದ್ದು ಸಣ್ಣ ಮಾತು. ದೊಡ್ಡವರು ಹೇಳಿದ್ದನ್ನು ಪರೀಕ್ಷಿಸಿ ನೋಡಬಹುದೆಂಬ ಧೈರ್ಯವು ಆ ಮಕ್ಕಳಿಗೆ ಬಂದದ್ದು ದೊಡ್ಡ ಮಾತು.

ಯಂತ್ರವು ಎದ್ದ ಮೇಲೆ ತೆರೆಯ ಬಲಮೂಲೆಯಲ್ಲಿ ಮಿಂಚಿನ ಆಕಾರದ ಹಳದಿ ಗುರುತೊಂದು ಕಾಣಿಸಿತು. ಪ್ರದರ್ಶನದ ದಿನವೂ ಅದು ಕಂಡಿತ್ತು. ಅದನ್ನು ಅಲಂಕಾರವೆಂದು ಎಲ್ಲರೂ ಭಾವಿಸಿದ್ದರು. ಅದು ವಾಸ್ತವವಾಗಿ ಹಸಿವಿನ ಕೂಗು. ಫಲಕಕ್ಕೆ ಬರುವ ವಿದ್ಯುತ್ತು ಸುಮಾರು ೪.೬೩ ವೋಲ್ಟಿಗಿಂತ ಕೆಳಗಿಳಿದರೆ ಆ ಗುರುತು ಮೂಡುತ್ತದೆ. ಈ ಮಾದರಿಗೆ ೫.೧ ವೋಲ್ಟು, ೩ ಆಂಪಿಯರು ಕೊಡುವ ಸಾಧನವು ಬೇಕು. ನಾವು ಜೋಡಿಸಿದ್ದು ಯಾರದೋ ಹಳೆಯ ಮೊಬೈಲ್ ಫೋನಿನ ಚಾರ್ಜರನ್ನು. ತಕ್ಕ ಸಾಧನವನ್ನು ತರಿಸಿದ ಕೂಡಲೇ ಮಿಂಚಿನ ಗುರುತು ಮಾಯವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಪುನಃ ಅವಮಾನವಾಗುತ್ತಿತ್ತು. ಅವರು ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷ ಆಡಿದ ಮೇಲೆ ಆಟವು ಮತ್ತೆ ಕುಂಟಿತೆಂದು ನೋಟುಪುಸ್ತಕವು ಹೇಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆಯೆಂಬ ಷರತ್ತಿದ್ದುದರಿಂದ, ಇದು ವಿದ್ಯುತ್ತಿನ ದೋಷವಲ್ಲ, ಬೇರೆಯದೆಂದು ನಿಶ್ಚಯಿಸಲು ಅವರಿಗೆ ಸಾಧ್ಯವಾಯಿತು. ಫಲಕದ ಬಿಸಿಯನ್ನು ಅಳೆಯುವ ಆಜ್ಞೆಯೊಂದುಂಟು. ಕೇಳಿದರೆ ೮೧ ಡಿಗ್ರಿ ಎಂದಿತು. ೮೦ ಡಿಗ್ರಿ ಮುಟ್ಟಿದರೆ ಈ ಯಂತ್ರವು ತನ್ನ ರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಣ್ಣದ ಕಾಗದದ ಸುಂದರ ಪೆಟ್ಟಿಗೆಯೇ ಅದಕ್ಕೆ ಬಿಸಿಲುಮನೆಯಾಗಿತ್ತು. ಪೆಟ್ಟಿಗೆಯನ್ನು ತೆಗೆದು ಪುಟ್ಟ ಬೀಸಣಿಗೆಯನ್ನು ಕೂರಿಸಿದರು; ಕುಂಟುವುದು ನಿಂತಿತು.

ಇನ್ನು ಉಳಿದದ್ದು ಒಂದೇ ಪ್ರಶ್ನೆ: ಮೊದಲಿನ ಕಾರ್ಡು ಕೆಟ್ಟದ್ದೇಕೆ? ವಿದ್ಯುತ್ತಿನ ಕೊರತೆಯೂ ಅದಕ್ಕೆ ಕಾರಣವಾಗಬಹುದು. ಯಂತ್ರವು ಕಾರ್ಡಿನ ಮೇಲೆ ಬರೆಯುತ್ತಿರುವಾಗ ಪ್ಲಗ್ಗನ್ನು ಥಟ್ಟನೆ ಕಿತ್ತರೂ ಬರಹವು ಅರ್ಧಕ್ಕೆ ನಿಂತು ಕಡತಗಳು ಹಾಳಾಗುತ್ತವೆ. ಆಟದಿಂದ ಹೊರಗೆ ಬಂದು, ಪಟ್ಟಿಯಲ್ಲಿ ಶಟ್‌ಡೌನ್ ಎಂಬುದನ್ನು ಆರಿಸಿ, ಹಸಿರು ದೀಪವು ಮಿನುಗುವುದು ನಿಂತ ಮೇಲೆ ಸ್ವಿಚ್ಚನ್ನು ಆರಿಸತಕ್ಕದ್ದು. ನೋಟುಪುಸ್ತಕದ ಹತ್ತನೆಯ ಪುಟದಲ್ಲಿ, “ಪ್ರತಿದಿನ ಸಾಯಂಕಾಲ ಪ್ಲಗ್ಗನ್ನು ತೆಗೆಯುತ್ತಿದ್ದವರು ಯಾರು?” ಎಂದು ದುಂಡಾದ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಉತ್ತರದ ಸ್ಥಳವು ಖಾಲಿ.

ಹಳೆಯ ವಿದ್ಯಾರ್ಥಿನಿಯರಿಗೆ ಉತ್ತರವು ಗೊತ್ತು. ಶಾಲೆ ಬಿಟ್ಟ ಮೇಲೆ ಕೊಠಡಿ ಕೊಠಡಿಗೂ ಹೋಗಿ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಬೀಗ ಹಾಕುವವರು ನಾವೇ. ಹುಡುಗಿಯರಿಗೂ ಅದು ಗೊತ್ತಿತ್ತು. ಆದರೆ ಮುಖ್ಯೋಪಾಧ್ಯಾಯಿನಿಯ ಹೆಸರನ್ನು ದೋಷದ ಪಟ್ಟಿಯಲ್ಲಿ ಬರೆಯಲು ಅವರಿಗೆ ಕೈ ಬರಲಿಲ್ಲ. ಆ ಖಾಲಿ ಸ್ಥಳವನ್ನು ಕಂಡಾಗ ನಮಗಾದ ನಾಚಿಕೆಯು ಯಂತ್ರವು ಕೆಟ್ಟದ್ದಕ್ಕಲ್ಲ. ಎಲ್ಲವನ್ನೂ ಪರೀಕ್ಷಿಸಬಲ್ಲ ಮಕ್ಕಳು ಹಿರಿಯರ ಮುಂದೆ ಬಂದಾಗ ಮಾತ್ರ ಸತ್ಯವನ್ನು ನುಂಗಿಕೊಳ್ಳಬೇಕೆಂದು ನಾವೇ ಅವರಿಗೆ ಕಲಿಸಿದ್ದೆವಲ್ಲ, ಅದಕ್ಕೆ. ಎಲ್ಲಿ ತಪ್ಪನ್ನು ಹೇಳಲು ಭಯವುಂಟೋ ಅಲ್ಲಿ ತಪ್ಪನ್ನು ಹುಡುಕಲು ಸಾಧ್ಯವಿಲ್ಲ. ಇದು ಯಂತ್ರಕ್ಕೆ ನಿಜವಾದಂತೆ ಮನೆಗೂ ಶಾಲೆಗೂ ನಿಜವೆಂಬುದೇ ನಮ್ಮ ಅಭಿಪ್ರಾಯ.

ಅಮೇರಿಕದಲ್ಲಿ ೧೯೪೭ನೇ ಇಸವಿ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ಮಾರ್ಕ್ ೨ ಎಂಬ ದೊಡ್ಡ ಗಣಕವು ತಪ್ಪುಮಾಡತೊಡಗಿದಾಗ, ಕೆಲಸಗಾರರು ಹುಡುಕಿ, ಒಳಗಿನ ರಿಲೇಯಲ್ಲಿ ಸಿಕ್ಕಿದ್ದ ಪತಂಗವೊಂದನ್ನು ತೆಗೆದು, ದಿನಚರಿಯ ಪುಸ್ತಕದಲ್ಲೇ ಅಂಟಿಸಿ, ಗಂಟೆಯನ್ನೂ ಬರೆದಿಟ್ಟರು. ಅಲ್ಲಿ ದುಡಿಯುತ್ತಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆಯು ಈ ಸಂಗತಿಯನ್ನು ಲೋಕಕ್ಕೆಲ್ಲ ಹೇಳಿ ಪ್ರಸಿದ್ಧಪಡಿಸಿದರು. ಕಂಡದ್ದನ್ನು ಕಂಡಂತೆ ಬರೆದಿಡುವುದೇ ಈ ವಿದ್ಯೆಯ ಮೊದಲನೆಯ ಪಾಠವು.

ಹಳೆಯ ವಿದ್ಯಾರ್ಥಿನಿಯರಲ್ಲಿ ೧೯೯೦ರ ದಶಕದಲ್ಲಿ ಓದಿದವರು ಟಿ.ವಿ.ಗೆ ಜೋಡಿಸುತ್ತಿದ್ದ ವಿಡಿಯೋ ಗೇಮನ್ನು ಮರೆತಿರಲಾರರು. ಆಟವು ಮೂಡದಿದ್ದರೆ ಕ್ಯಾಸೆಟ್ಟನ್ನು ತೆಗೆದು ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದಿರಿ, ಆಟವು ಮೂಡುತ್ತಿತ್ತು. ಆದರೆ ಕೆಲಸ ಮಾಡಿದ್ದು ಊದಿದ ಗಾಳಿಯಲ್ಲ; ತೆಗೆದು ಹಾಕಿದ್ದರಿಂದ ಲೋಹದ ತುದಿಗಳು ಸರಿಯಾಗಿ ಕೂತದ್ದು. ಬಾಯಿಯ ತೇವದಿಂದ ಆ ತುದಿಗಳಿಗೆ ಕೇಡೇ ಹೆಚ್ಚು. ಕಾರಣವನ್ನು ತಿಳಿಯದೆ ಫಲವನ್ನು ಮಾತ್ರ ನೋಡುವವರು ಜೀವಮಾನವೆಲ್ಲ ಊದುತ್ತಲೇ ಇರುತ್ತಾರೆ. ನಮ್ಮ ಮಕ್ಕಳು ಊದುವವರಾಗದೆ ಹುಡುಕುವವರಾಗಲಿ.

ಇನ್ನು ಎರಡು ಆಕ್ಷೇಪಣೆಗಳು. ಆಟದಿಂದ ಓದು ಕೆಡುತ್ತದೆಂದು ಕಾಗದ ಬರೆದ ತಾಯಿಯವರ ಭಯವು ನಿರಾಧಾರವಲ್ಲ. ಆದಕಾರಣ ಆಡುವುದಕ್ಕೆ ವಾರಕ್ಕೆ ಅರ್ಧ ಗಂಟೆಯೆಂದು ಮಿತಿಯಿಟ್ಟಿದ್ದೇವೆ; ದುರಸ್ತಿಗೆ ಮಿತಿಯಿಲ್ಲ. ಎರಡನೆಯದು ಪ್ರಾಮಾಣಿಕತೆಯ ಪ್ರಶ್ನೆ. ಎಮ್ಯುಲೇಟರನ್ನು ಇಟ್ಟುಕೊಳ್ಳುವುದು ಬೇರೆ, ಇತರರ ಆಟಗಳನ್ನು ಅನುಮತಿಯಿಲ್ಲದೆ ನಕಲು ಮಾಡಿಕೊಳ್ಳುವುದು ಬೇರೆ. ಹಳೆಯದೆಂಬ ಮಾತ್ರಕ್ಕೆ ಆಟವು ಒಡೆಯನಿಲ್ಲದ ಸೊತ್ತಾಗದು. ೧೯೮೧ರ ರಾಬಿ ರೋಟೋ ಎಂಬ ಆಟದಂತೆ, ಹಕ್ಕುದಾರರೇ ಲಾಭದ ಉದ್ದೇಶವಿಲ್ಲದ ಬಳಕೆಗೆ ಬಿಟ್ಟುಕೊಟ್ಟವು ಕೆಲವುಂಟು. ನಮ್ಮ ಯಂತ್ರದಲ್ಲಿ ಅಂಥವು ಮಾತ್ರ ಇವೆ.

ಹುಡುಗರ ಕೈಗೆ ಕೊಡಿರೆಂದ ಮಹನೀಯರಿಗೆ ನಾವೇನೂ ಉತ್ತರ ಬರೆಯಲಿಲ್ಲ. ಹುಡುಗಿಯರೇ ಯಂತ್ರದ ಮೇಲಿನ ಗೋಡೆಗೆ ಕಾಗದವೊಂದನ್ನು ಅಂಟಿಸಿದ್ದಾರೆ: ೧೯೮೨ರಲ್ಲಿ ಹೊರಬಂದು ಬಹು ಜನಪ್ರಿಯವಾದ ರಿವರ್ ರೇಡ್ ಎಂಬ ಆಟವನ್ನು ರಚಿಸಿದವರು ಕ್ಯಾರಲ್ ಶಾ ಎಂಬ ಮಹಿಳೆ, ಅದನ್ನು ಅವರು ನಡೆಸಿದ್ದು ಕೇವಲ ೧೨೮ ಬೈಟುಗಳ ನೆನಪುಳ್ಳ ಯಂತ್ರದ ಮೇಲೆ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಯಾವುದಾದರೂ ಯಂತ್ರವು ಕೆಟ್ಟಾಗ ಕೂಡಲೇ ಮಗನನ್ನು ಕೂಗಬೇಡಿರಿ, ಅಂಗಡಿಗೂ ಓಡಬೇಡಿರಿ. ಅಪಾಯವಿಲ್ಲದ್ದಾದರೆ ಮಗಳ ಕೈಗೆ ಕೊಟ್ಟು, ಒಂದು ನೋಟುಪುಸ್ತಕವನ್ನೂ ಒಂದು ವಾರದ ತಾಳ್ಮೆಯನ್ನೂ ಕೊಡಿರಿ. ಹಳೆಯ ವಿದ್ಯಾರ್ಥಿನಿಯರು ಹೊಸ ಯಂತ್ರಗಳನ್ನು ಕೊಡುವ ಬದಲು, ಊರಿಗೆ ಬಂದಾಗ ಒಂದು ಸಾಯಂಕಾಲ ವಿಜ್ಞಾನದ ಕೊಠಡಿಗೆ ಬಂದು ಮಕ್ಕಳ ಜತೆಯಲ್ಲಿ ಕುಳಿತರೆ ನಮಗೆ ಹೆಚ್ಚಿನ ಉಪಕಾರವಾಗುವುದು.

ಆ ನೋಟುಪುಸ್ತಕವು ಯಂತ್ರದ ಪಕ್ಕದಲ್ಲೇ ಇದೆ. ಯಾರು ಬೇಕಾದರೂ ನೋಡಬಹುದು. ಹತ್ತನೆಯ ಪುಟದ ಖಾಲಿ ಸ್ಥಳದಲ್ಲಿ ನಾವು ನಮ್ಮ ಹೆಸರನ್ನು ಬರೆದು, ತಾರೀಖು ಹಾಕಿ, ರುಜು ಮಾಡಿದ್ದೇವೆ.